ಎಸ್ಸೆಸ್ಸೆಲ್ಸಿ ಬಂತು ಅಂತ ಪಿಟೀಲು ಬಿಡಿಸ್ಬೇಕಾ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೆ, ಅಡುಗೆಮನೇಲಿ ಫೋನ್ ಒರಗಿಸಿಟ್ಟು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಈ ವಾರ ಶಿಕಾರಿಪುರ ತಾಲ್ಲೂಕಿನ ಈಸೂರಿಂದ ಒಬ್ಬ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ರು. ಮಗಳು ವಾರಕ್ಕೊಂದ್ಸಲ ಬಸ್ ಹತ್ತಿ ಪಿಟೀಲು ಪಾಠಕ್ಕೆ ಹೋಗ್ತಾಳೆ. ಮುಂದಿನ ವರ್ಷ ಹತ್ತನೇ ಕ್ಲಾಸು. "ಎಲ್ರೂ ಬಿಡಿಸು ಅಂತಾರೆ ತಮ್ಮಾ. ಪಿಟೀಲು ಮಾರ್ಕ್ಸ್ ತಂದ್ಕೊಡುತ್ತಾ ಅಂತಾರೆ. ನಾನೇನು ಹೇಳ್ಲಿ?"

ಅಕ್ಕ, ಮೊದಲು ಆ ಪಾಠದಲ್ಲಿ ಏನು ನಡೆಯುತ್ತೆ ಅಂತ ನೋಡೋಣ.

ಪಿಟೀಲಿಗೆ ಗಿಟಾರ್ ಥರ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿಡಬೇಕು ಅಂತ ಕಿವಿಯೇ ಹೇಳ್ಬೇಕು. 'ಸ' ನುಡಿಯೋ ತಂತಿಯ ಅರ್ಧದಲ್ಲಿ ಬೆರಳೊತ್ತಿದ್ರೆ ಮೇಲಿನ 'ಸ' ಬರುತ್ತೆ. ಮೂರರಲ್ಲಿ ಎರಡು ಭಾಗ ಮಿಡಿಯೋ ಹಾಗೆ ಬಿಟ್ರೆ 'ಪ'. ನಾಲ್ಕರಲ್ಲಿ ಮೂರು ಭಾಗ ಬಿಟ್ರೆ ಶುದ್ಧ 'ಮ'. ಭಿನ್ನರಾಶಿ ಅಂದ್ರೆ ಇದೇ. ತಂತಿ ಗಿಡ್ಡ ಆದಷ್ಟೂ, ಬಿಗಿ ಆದಷ್ಟೂ ಸ್ವರ ಮೇಲಕ್ಕೆ ಹೋಗೋದು ವಿಜ್ಞಾನದ ಶಬ್ದದ ಪಾಠ.

ಆದಿತಾಳದಲ್ಲಿ ಎಂಟು ಎಣಿಕೆ: ನಾಲ್ಕು, ಎರಡು, ಎರಡು. ಸರಳೆ ವರಸೆಯನ್ನ ಮೂರು ಕಾಲದಲ್ಲಿ ನುಡಿಸುವಾಗ ಒಂದು ಆವರ್ತಕ್ಕೆ 8, 16, 32 ಸ್ವರ. ಕೈತಾಳದ ವೇಗ ಮಾತ್ರ ಬದಲಾಗಲ್ಲ. ಬಿ.ಕಾಂ ಓದಿದ ನನಗೆ ಇದು ಲೆಡ್ಜರ್ ಥರ ಕಾಣುತ್ತೆ. ಎಷ್ಟೇ ಎಂಟ್ರಿ ಇರಲಿ, ಕೊನೆಗೆ ಟ್ಯಾಲಿ ಆಗ್ಲೇಬೇಕು.

ಕನ್ನಡಕ್ಕೆ ಬನ್ನಿ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಮೂರು, ನಾಲ್ಕು, ಮೂರು, ನಾಲ್ಕು ಅಂತ ಮಾತ್ರೆ ಗುಂಪು ಮಾಡ್ತೀವಲ್ಲ? ಮೂರು ಮತ್ತು ನಾಲ್ಕು ಸೇರಿ ಏಳು. ಮಿಶ್ರಛಾಪು ತಾಳವೂ ಅದೇ. ವಾರ್ಧಕ ಷಟ್ಪದಿಯ ಐದೈದು ಮಾತ್ರೆ ಖಂಡಛಾಪಿನ ಲೆಕ್ಕ. ಲಘು ಗುರು ಬಾಯಿಪಾಠ ಮಾಡೋ ಹುಡುಗರಿಗೆ ತೊಡೆ ಮೇಲೆ ತಾಳ ಹಾಕಿ ಓದಿ ಅಂತ ಹೇಳಿ ನೋಡಿ. ಗಮಕಕ್ಕೆ ಹೆಸರಾದ ಹೊಸಹಳ್ಳಿ ಇರೋದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ. ಅಲ್ಲಮ ಮದ್ದಳೆ ಬಾರಿಸ್ತಿದ್ದ ಅನ್ನೋ ಕಥೆಯ ಬಳ್ಳಿಗಾವಿ ನಿಮ್ಮ ತಾಲ್ಲೂಕಿನದ್ದೇ.

ಇತಿಹಾಸವೂ ಇದೆ. ಯುರೋಪಿನಿಂದ ಬಂದ ಈ ವಾದ್ಯವನ್ನ ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮೊದಲಿಗರು. 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯನವರು, ಮೈಕ್ ಇಲ್ಲದ ಕಾಲದಲ್ಲಿ ದನಿ ಕೊನೇ ಸಾಲಿಗೂ ಮುಟ್ಟಲಿ ಅಂತ ನಾಲ್ಕು ತಂತಿಯನ್ನ ಏಳು ಮಾಡಿದ್ರು.

ಸರಿ, ಮಾರ್ಕ್ಸ್ ಕಥೆ ಏನು? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನ ನೋಡಿದ ಅಧ್ಯಯನವೊಂದು 2019ರಲ್ಲಿ ಬಂತು. ಶಾಲೆಯಲ್ಲಿ ಸಂಗೀತ ತಗೊಂಡ ಮಕ್ಕಳು ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲೂ ಮುಂದಿದ್ರು. ಹಾಡೋರಿಗಿಂತ ವಾದ್ಯ ನುಡಿಸೋರು ಇನ್ನೂ ಸ್ವಲ್ಪ ಮುಂದೆ. ಇಷ್ಟು ಕೇಳಿ ಕುಣಿಬೇಡಿ. 2020ರಲ್ಲಿ 54 ಅಧ್ಯಯನ, ಸುಮಾರು 7 ಸಾವಿರ ಮಕ್ಕಳ ಲೆಕ್ಕವನ್ನ ಒಟ್ಟಿಗಿಟ್ಟು ನೋಡಿದಾಗ, ಕಟ್ಟುನಿಟ್ಟಾಗಿ ಮಾಡಿದ ಪ್ರಯೋಗಗಳಲ್ಲಿ ಸಂಗೀತದಿಂದಲೇ ಬುದ್ಧಿ, ಅಂಕ ಏರಿದ್ದು ಕಾಣಲಿಲ್ಲ. ಎರಡು ವಿಷಯ ಜೊತೆಗಿದ್ರೆ ಒಂದು ಇನ್ನೊಂದಕ್ಕೆ ಕಾರಣ ಅಂತಲ್ಲ. ಸ್ಟ್ಯಾಟಿಸ್ಟಿಕ್ಸ್ ಪೇಪರ್‌ನಲ್ಲಿ ನಮಗೆ ಇದನ್ನೇ ಮೊದಲು ಕಲಿಸಿದ್ದು.

ಹಾಗಾಗಿ ನನ್ನ ಉತ್ತರ ಇಷ್ಟು. ಪಿಟೀಲು ಹಿಡಿದ ಮಾತ್ರಕ್ಕೆ ಗಣಿತ ತಾನಾಗೇ ಬರಲ್ಲ. ತಂತಿಯಲ್ಲಿರೋ ಮೂರನೇ ಎರಡು, ಪುಸ್ತಕದಲ್ಲಿರೋ ಮೂರನೇ ಎರಡು ಒಂದೇ ಅಂತ ಯಾರಾದ್ರೂ ತೋರಿಸಿಕೊಡಬೇಕು. ಸಂಗೀತದ ಮೇಷ್ಟ್ರು ತೋರಿಸಬಹುದು, ಗಣಿತದ ಟೀಚರ್ ತೋರಿಸಬಹುದು. ಆದ್ರೆ ಪಿಟೀಲು ಅಂಕ ತಿನ್ನುತ್ತೆ ಅನ್ನೋದಕ್ಕೂ ಈ ಅಧ್ಯಯನಗಳಲ್ಲಿ ಆಧಾರ ಇಲ್ಲ. ಪರೀಕ್ಷೆ ಹತ್ರ ಬಂದಾಗ ಅಭ್ಯಾಸ ದಿನಕ್ಕೆ ಇಪ್ಪತ್ತು ನಿಮಿಷಕ್ಕೆ ಇಳಿಸಿ. ಪೂರ್ತಿ ನಿಲ್ಸಿದ್ರೆ ಬೆರಳು, ಕಿವಿ ಎರಡೂ ಮರೆಯುತ್ತೆ, ಮತ್ತೆ ಹಿಡಿಯೋದು ಕಷ್ಟ. ಪಿಟೀಲು ಕೊಳ್ಳೋಕೆ ಆಗದ ಮನೆಯವ್ರಿಗೂ ಒಂದು ಮಾತು: ತಾಳ ಹಾಕೋಕೆ ಎರಡು ಕೈ ಸಾಕು, ದುಡ್ಡು ಬೇಡ.

ಅಕ್ಕ, ನಿಮ್ಮ ಮೆಸೇಜಲ್ಲಿ ಅತ್ತೆ, ಮಾವ, ಪಕ್ಕದ ಮನೆಯವ್ರ ಅಭಿಪ್ರಾಯ ಎಲ್ಲಾ ಇತ್ತು. ಮಗಳು ಏನಂತಾಳೆ ಅನ್ನೋದು ಇರ್ಲಿಲ್ಲ. 1942ರಲ್ಲಿ 'ಏಸೂರು ಕೊಟ್ಟರೂ ಈಸೂರು ಕೊಡೆವು' ಅಂದ ಊರು ನಿಮ್ಮದು. ತಮ್ಮದೇ ಸರ್ಕಾರ ಅಂತ ಸಾರಿ, ಹುಡುಗರನ್ನೇ ಅಮಲ್ದಾರ್, ಸಬ್‌ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದ ಊರು. ಆ ಊರಿನ ಹುಡುಗಿಯನ್ನ ಒಂದು ಮಾತು ಕೇಳೋಕೆ ಏನಡ್ಡಿ? ಅವಳು ಬೇಕು ಅಂದ್ರೆ, ಬಸ್ ಚಾರ್ಜ್ ಕೊಟ್ಟು ಕಳಿಸಿ.

ಮುಂದಿನ ವಾರ ಸಿಗೋಣ. ನಿಮ್ಮೂರಿನ ಶಾಲೇಲಿ ಸಂಗೀತದ ಮೇಷ್ಟ್ರು ಇದ್ದಾರಾ? ವಾಯ್ಸ್ ಮೆಸೇಜ್ ಕಳಿಸಿ.