ಸೂರಿನ ಕೆಳಗಿನ ವಿಳಾಸ



ಟೇಪು ಕತ್ತರಿಸುವ ಮುಂಚೆ ನಾಲ್ಕು ಮಾತು. ಕಟ್ಟಡದೊಳಗೆ ಮೊಬೈಲ್ ಎಲ್ಲಿದೆಯೆಂದು ಪತ್ತೆ ಹಚ್ಚುವುದೇ ಈ ಪ್ರದರ್ಶನದ ವಿಷಯ. ಅದಕ್ಕೆ ಜಿಪಿಎಸ್ ಇದೆಯಲ್ಲ ಎನ್ನುತ್ತೀರಿ. ಇಪ್ಪತ್ತು ಸಾವಿರ ಕಿಲೋಮೀಟರ್ ಆಚೆಯಿಂದ ಸಣಕಲಾಗಿ ಬರುವ ಆ ಸಿಗ್ನಲ್ ಈ ಕಾಂಕ್ರೀಟ್ ತಾರಸಿ ದಾಟಿ ಬರುವುದು ಕಷ್ಟ. ಹಾಗಾಗಿ ಗೋಡೆಗೆ ಹಾಕಿರುವ ವೈಫೈ ಡಬ್ಬಿಗಳನ್ನೇ ನೆಚ್ಚಬೇಕು.

2000ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಪರಮ್‌ವೀರ್ ಬಹ್ಲ್ ಮತ್ತು ವೆಂಕಟ ಪದ್ಮನಾಭನ್ ‘ರೇಡಾರ್’ ಎಂಬ ಪದ್ಧತಿಯನ್ನು ಪ್ರಕಟಿಸಿದರು. ಒಂದು ಮಹಡಿ, ಮೂರು ಬೇಸ್ ಸ್ಟೇಷನ್, 70 ಜಾಗ. ಪ್ರತಿ ಜಾಗದಲ್ಲೂ ನಾಲ್ಕು ದಿಕ್ಕಿಗೆ ಮುಖಮಾಡಿ ನಿಂತು, ಸಿಗ್ನಲ್ ಎಷ್ಟು ಬಲವಾಗಿದೆಯೆಂದು ಬರೆದಿಟ್ಟುಕೊಂಡರು. ಆಮೇಲೆ ಸಾಧನಕ್ಕೆ ಸಿಕ್ಕ ಅಂಕಿಗಳನ್ನು ಆ ಪಟ್ಟಿಯೊಂದಿಗೆ ತಾಳೆ ನೋಡಿದರೆ ಸಾಮಾನ್ಯವಾಗಿ ಎರಡು ಮೂರು ಮೀಟರ್ ಆಚೀಚೆ ಜಾಗ ಸಿಗುತ್ತಿತ್ತು. ಪದ್ಮನಾಭನ್ ಮುಂದೆ ಬೆಂಗಳೂರಿನ ಪ್ರಯೋಗಾಲಯಕ್ಕೆ ಬಂದರು. ಈ ಅಳೆದು ಬರೆಯುವ ತಾಪತ್ರಯವನ್ನೇ ತಪ್ಪಿಸುವ ದಾರಿಯೊಂದನ್ನು 2010ರಲ್ಲಿ ಸಂಗಡಿಗರೊಂದಿಗೆ ತೋರಿಸಿದರು.

ನಾಲ್ಕು ದಿಕ್ಕು ಏಕೆ? ನಮ್ಮ ಮೈಯಲ್ಲಿ ಹೆಚ್ಚಿನದು ನೀರು; ಅದು 2.4 ಗಿಗಾಹರ್ಟ್ಸ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಡಬ್ಬಿಗೆ ಬೆನ್ನು ಹಾಕಿ ಫೋನನ್ನು ಎದೆಯ ಬಳಿ ಹಿಡಿದರೆ ನಿಂತಲ್ಲೇ ಅಂಕಿ ಇಳಿಯುತ್ತದೆ. ಮೊದಲನೇ ಮಳಿಗೆಯ ವಿದ್ಯಾರ್ಥಿಗಳು ಇದೇ ರೀತಿ ಅಳತೆ ತೆಗೆದದ್ದು ನಿನ್ನೆ ರಾತ್ರಿ, ಖಾಲಿ ಸಭಾಂಗಣದಲ್ಲಿ. ಈಗ ನೀವೆಲ್ಲ ಬಂದು ತುಂಬಿದ್ದೀರಿ! ಅವರ ಪರದೆ ನಿಮ್ಮನ್ನು ಪಕ್ಕದ ಕೋಣೆಯಲ್ಲಿ ತೋರಿಸಿದರೆ ನಗಬೇಡಿ, ಕಾರಣ ಕೇಳಿ. ನನಗಂತೂ ಕರಾರುವಾಕ್ಕಾಗಿ ಓಡುವ ಮಾದರಿಗಿಂತ, ಎಡವಟ್ಟಾದಾಗ ಕಾರಣ ಬಿಡಿಸಿ ಹೇಳುವ ಹುಡುಗ ಹುಡುಗಿಯರೇ ಇಷ್ಟ.

ಇನ್ನೊಂದು ಮಳಿಗೆಯವರು ಸಿಗ್ನಲ್‌ನ ಬಲ ಬಿಟ್ಟು ಅದು ಹೋಗಿಬರುವ ಸಮಯದಿಂದ ದೂರ ಅಳೆಯುತ್ತಾರೆ. 2018ರ ಆಂಡ್ರಾಯ್ಡ್ 9ರಿಂದ ಇದಕ್ಕೆ ಬೆಂಬಲವಿದೆ. ಫೋನು, ವೈಫೈ ಡಬ್ಬಿ ಎರಡೂ ಅದಕ್ಕೆ ತಕ್ಕವಾಗಿರಬೇಕು ಅಷ್ಟೆ. ಒಂದು ನ್ಯಾನೋಸೆಕೆಂಡಿನಲ್ಲಿ ರೇಡಿಯೋ ಅಲೆ ಸಾಗುವುದು 30 ಸೆಂಟಿಮೀಟರ್. ಗೋಡೆಗೆ ಬಡಿದು ಸುತ್ತಿ ಬಂದ ಅಲೆಯನ್ನು ನೇರ ಬಂದದ್ದೆಂದು ತಿಳಿದರೆ ದೂರ ಅಷ್ಟಷ್ಟೇ ಹಿಗ್ಗುತ್ತದೆ.

ಆಸ್ಪತ್ರೆಯಲ್ಲಿ ಗಾಲಿಕುರ್ಚಿ ಯಾವ ವಾರ್ಡಿನಲ್ಲಿದೆಯೆಂದು ಹುಡುಕಲು ಈ ವಿದ್ಯೆ ಬೇಕೇ ಬೇಕು. ಆದರೆ ಅಂಗಡಿಯಲ್ಲಿ ನಾನು ಯಾವ ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತೆ ಎಂಬುದು ಮಾಲೀಕನಿಗೆ ಏಕೆ? ನನ್ನ ಓಡಾಟದ ಲೆಕ್ಕ ಯಾರ ಬಳಿ ಉಳಿಯುತ್ತದೆ, ಎಷ್ಟು ದಿನ ಎಂದು ಪ್ರತಿ ಮಳಿಗೆಯಲ್ಲೂ ಪೋಷಕರು ಕೇಳಬೇಕು. ಉತ್ತರ ಕೊಡದವರಿಗೆ ತೀರ್ಪುಗಾರರು ಅಂಕ ಕಡಿಯಲಿ.

ಪ್ರದರ್ಶನ ಉದ್ಘಾಟನೆಯಾಯಿತೆಂದು ಸಂತೋಷದಿಂದ ಘೋಷಿಸುತ್ತೇನೆ. ಫೋನಿನ ವೈಫೈ ಆನ್ ಮಾಡಿಕೊಂಡು ಬಲಗಡೆಯಿಂದ ಬನ್ನಿ.