ಪ್ರತಿ ಏದುಸಿರೂ ಉಬ್ಬಸವಲ್ಲ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ದಮಾ, ಕನ್ನಡದಲ್ಲಿ ಉಬ್ಬಸ. ಓಡಿ ಬಂದ ಮಗು ಉಸಿರಿಗೆ ಒದ್ದಾಡಿದರೆ ನಮ್ಮ ಬಾಯಿಗೆ ಬರುವ ಮೊದಲ ಹೆಸರು ಇದೇ. ಇನ್‌ಹೇಲರ್‌ನಿಂದ ಗುಣ ಕಾಣದಿದ್ದರೆ 'ಇವಳದು ನಾಟಕ' ಎಂದುಬಿಡುತ್ತೇವೆ. ಇವೆರಡೂ ಅಲ್ಲದ ಇನ್ನೊಂದು ಕಾರಣವಿರಬಹುದು. ಅದನ್ನು ವೋಕಲ್ ಕಾರ್ಡ್ ಡಿಸ್‌ಫಂಕ್ಷನ್, ಅಂದರೆ ಧ್ವನಿತಂತುಗಳ ತಪ್ಪು ಚಲನೆ ಎನ್ನುತ್ತಾರೆ.

ಗಂಟಲ ಮೇಲೆ ಬೆರಳಿಟ್ಟು 'ಆ' ಎನ್ನಿ. ಅಲ್ಲಿ ನಡುಗುವುದು ಧ್ವನಿತಂತುಗಳು. ಮಾತನಾಡುವಾಗ ಅವು ಹತ್ತಿರ ಬರಬೇಕು. ಉಸಿರೆಳೆಯುವಾಗ ದೂರ ಸರಿದು ದಾರಿ ಬಿಡಬೇಕು. ಈ ತೊಂದರೆಯಲ್ಲಿ ಉಸಿರೆಳೆಯುವಾಗಲೇ ಅವು ಮುಚ್ಚಿಕೊಳ್ಳುತ್ತವೆ. ಹೆಬ್ಬಾಳ, ಯಶವಂತಪುರದ ರಸ್ತೆಗಳಲ್ಲಿ ನಾವು ದಿನವೂ ಕುಡಿಯುವ ಹೊಗೆ, ಘಾಟು ವಾಸನೆ, ಓಟ, ನೆಗಡಿ, ಹುಳಿತೇಗು, ಪರೀಕ್ಷೆಯ ಆತಂಕ ಇದನ್ನು ಕೆರಳಿಸಬಹುದು.

ಗುರುತಿಸುವುದು ಹೇಗೆ? ಉಬ್ಬಸದಲ್ಲಿ ಸಾಮಾನ್ಯವಾಗಿ ಎದೆ ಬಿಗಿಯುತ್ತದೆ, ಉಸಿರು ಬಿಡುವುದು ಕಷ್ಟ. ಇಲ್ಲಿ ಗಂಟಲು ಬಿಗಿಯುತ್ತದೆ, ಉಸಿರೆಳೆಯುವುದು ಕಷ್ಟ. ಹೆಚ್ಚಾಗಿ ತಟ್ಟನೆ ಬಂದು ತಟ್ಟನೆ ಹೋಗುತ್ತದೆ. ಆದರೆ ತೀರ್ಮಾನ ವೈದ್ಯರದು. ಸ್ಪೈರೊಮೆಟ್ರಿ ಎಂಬ ಉಸಿರಿನ ಪರೀಕ್ಷೆಯಲ್ಲಿ ಸುಳಿವು ಸಿಗಬಹುದು. ತೊಂದರೆ ಇರುವ ಹೊತ್ತಿನಲ್ಲೇ ಇ.ಎನ್.ಟಿ. ವೈದ್ಯರು ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸಿ ತಂತುಗಳನ್ನು ನೋಡಿದರೆ ಖಚಿತವಾಗುತ್ತದೆ. ಬೇರೆ ಹೊತ್ತಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣಬಹುದು.

1983ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯರು, ಉಬ್ಬಸವೆಂದೇ ಭಾವಿಸಲಾಗಿದ್ದ 5 ರೋಗಿಗಳಲ್ಲಿ ಇದನ್ನು ಕಂಡು ವರದಿ ಮಾಡಿದರು. ಅವರಿಗೆ ನೆರವಾದದ್ದು ವಾಕ್ ಚಿಕಿತ್ಸೆ ಮತ್ತು ಮನಸ್ಸಿನ ಚಿಕಿತ್ಸೆ. ಇಂದಿಗೂ ವಾಕ್ ಚಿಕಿತ್ಸೆಯೇ ಮುಖ್ಯ. ಹೆಗಲು ಸಡಿಲಿಸಿ, ಮೂಗಿನಿಂದ ಉಸಿರೆಳೆದು, ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುವುದನ್ನು ತಜ್ಞರು ಕಲಿಸುತ್ತಾರೆ. ಚೆನ್ನಾಗಿರುವಾಗಲೇ ದಿನವೂ ಅಭ್ಯಾಸ ಮಾಡಬೇಕು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ತಜ್ಞರನ್ನು ತಯಾರು ಮಾಡುತ್ತಿದೆ. ನಮ್ಮ ಊರಿನ ನಿಮ್ಹಾನ್ಸ್‌ನಲ್ಲೂ ವಾಕ್ ಚಿಕಿತ್ಸಾ ವಿಭಾಗವಿದೆ.

ಒಂದು ಎಚ್ಚರಿಕೆ. ಒಬ್ಬರಿಗೇ ಎರಡೂ ಇರಬಹುದು. ಆದ್ದರಿಂದ ವೈದ್ಯರು ಹೇಳದೆ ಇನ್‌ಹೇಲರ್ ನಿಲ್ಲಿಸಬೇಡಿ. ತುಟಿ ನೀಲಿಗಟ್ಟಿದರೆ, ಮಾತು ಹೊರಡದಿದ್ದರೆ, ಯಾವ ಕಾಯಿಲೆ ಎಂದು ಯೋಚಿಸುತ್ತ ಕೂರದೆ 108ಕ್ಕೆ ಕರೆ ಮಾಡಿ.

ಶಿಕ್ಷಕರಲ್ಲೂ ಪೋಷಕರಲ್ಲೂ ನನ್ನ ವಿನಂತಿ ಇಷ್ಟೇ. ಮಗು ಸುಧಾರಿಸಿಕೊಂಡ ಮೇಲೆ ಎರಡು ಪ್ರಶ್ನೆ ಕೇಳಿ: ಎಲ್ಲಿ ಬಿಗಿಯಿತು? ಎಳೆಯಲು ಕಷ್ಟವಾಯಿತೋ, ಬಿಡಲು ಕಷ್ಟವಾಯಿತೋ? ಉತ್ತರವನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಿ. ಮಗು ಬೇಕೆಂದು ಹೀಗೆ ಮಾಡುವುದಿಲ್ಲ. ಅದನ್ನು ನಂಬುವುದರಿಂದಲೇ ಚಿಕಿತ್ಸೆ ಶುರುವಾಗುತ್ತದೆ.