ಯುದ್ಧ ಮುಗಿದ ಮೇಲಿನ ಬೋಸ್ನಿಯ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ನಾಡುನುಡಿಯ ವಿಷಯವಾಗಿ ಮಾತನಾಡುವುದು ವಾಡಿಕೆ. ಇಂದು ನಾವು ದೂರದ ದೇಶವೊಂದರ ಸಂಗತಿಯನ್ನು ತಮ್ಮ ಮುಂದಿಡಬಯಸುತ್ತೇವೆ. ಒಂದೇ ಬೀದಿಯಲ್ಲಿ ಎರಡು ಮೂರು ನುಡಿಗಳವರು ಕೂಡಿ ಬಾಳುವುದೆಂದರೇನೆಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಬಾಳು ಒಮ್ಮೆ ಒಡೆದರೆ ಮತ್ತೆ ಕಟ್ಟುವುದು ಎಷ್ಟು ದುಸ್ತರವೆಂಬುದು ಮಾತ್ರ, ಪುಣ್ಯವಶಾತ್, ನಮಗೆ ತಿಳಿಯದು. ಬೋಸ್ನಿಯದವರಿಗೆ ತಿಳಿದಿದೆ.

ಯುಗೋಸ್ಲಾವಿಯ ರಾಜ್ಯವು ಒಡೆದಾಗ, 1992ರ ಏಪ್ರಿಲಿನಲ್ಲಿ, ಬೋಸ್ನಿಯದಲ್ಲಿ ಯುದ್ಧ ಹೊತ್ತಿಕೊಂಡಿತು. ಬೋಸ್ನಿಯಾಕ್ ಮುಸಲ್ಮಾನರು, ಸರ್ಬರು, ಕ್ರೊವಾಟರು ಎಂದು ಅಲ್ಲಿ ಮೂರು ಜನಾಂಗಗಳು. ಆಡುವ ಮಾತು ಬಹುಮಟ್ಟಿಗೆ ಒಂದೇ. ಅದಕ್ಕೆ ಹೆಸರು ಮೂರು, ಲಿಪಿ ಎರಡು. ಮೂರೂವರೆ ವರ್ಷಗಳಲ್ಲಿ ಸುಮಾರು 1 ಲಕ್ಷ ಜನ ಸತ್ತರು. ಸುಮಾರು 44 ಲಕ್ಷ ಜನಸಂಖ್ಯೆಯಲ್ಲಿ ಅರ್ಧದಷ್ಟು ಮಂದಿ ಮನೆಮಠ ತೊರೆದು ಓಡಬೇಕಾಯಿತು.

ಯುಗೋಸ್ಲಾವಿಯಕ್ಕೆ ವಿಶ್ವಸಂಸ್ಥೆಯು ಕಳುಹಿಸಿದ ಪಡೆಯ ಮೊದಲ ದಂಡನಾಯಕರು ನಮ್ಮ ಭಾರತದ ಸತೀಶ್ ನಂಬಿಯಾರರು. ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ಬಂದವರು. 1993ರಲ್ಲಿ ಅವರು ಹಿಂದಿರುಗಿದರು. ಕಾಪಾಡಲು ಶಾಂತಿಯೇ ಇಲ್ಲದೆಡೆಯಲ್ಲಿ ಶಾಂತಿಪಾಲನೆಯ ಪಡೆ ಏನು ಮಾಡೀತು? ವಿಶ್ವಸಂಸ್ಥೆಯೇ ಸುರಕ್ಷಿತ ಪ್ರದೇಶವೆಂದು ಸಾರಿದ್ದ ಸ್ರೆಬ್ರೆನಿತ್ಸ ಪಟ್ಟಣದಲ್ಲಿ, 1995ರ ಜುಲೈಯಲ್ಲಿ, 8,000ಕ್ಕೂ ಮಿಕ್ಕಿ ಗಂಡಸರನ್ನೂ ಹುಡುಗರನ್ನೂ ಕೊಂದುಹಾಕಿದರು. ಈ ಅಪಕೀರ್ತಿಯು ಕೊಂದವರಿಗೆ ಮಾತ್ರ ಸೇರಿದ್ದಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಡೇಟನ್ ಒಪ್ಪಂದಕ್ಕೆ ಸಹಿ ಬಿದ್ದಿತು. ಸುಮಾರು 60,000 ಸೈನಿಕರ ಬಹುರಾಷ್ಟ್ರೀಯ ಪಡೆ ಬಂದಿಳಿಯಿತು. ಬಂದೂಕಿನ ಸದ್ದು ನಿಂತಿತು. ನಿಲ್ಲಿಸುವ ಕೆಲಸ ಅಷ್ಟಕ್ಕೇ ಮುಗಿಯಿತು. ಕಟ್ಟುವ ಕೆಲಸವು ಇನ್ನೂ ಮುಗಿದಿಲ್ಲ.

ನ್ಯಾಯದ ಮಾತಿಗೆ ಬರೋಣ. 1993ರಲ್ಲಿಯೇ ಭದ್ರತಾ ಮಂಡಲಿಯು ಹೇಗ್ ನಗರದಲ್ಲಿ ವಿಶೇಷ ನ್ಯಾಯಾಲಯವೊಂದನ್ನು ಸ್ಥಾಪಿಸಿತ್ತು. ಅದು ಒಟ್ಟು 161 ಮಂದಿಯ ಮೇಲೆ ದೋಷಾರೋಪ ಹೊರಿಸಿತು. ಅವರಲ್ಲಿ ಯಾರೂ ಕಡೆಯವರೆಗೆ ತಪ್ಪಿಸಿಕೊಳ್ಳಲಿಲ್ಲ. ಸರ್ಬ ನಾಯಕ ಕರಾಜಿಚ್ ಗಡ್ಡ ಬೆಳೆಸಿ, ಹೆಸರು ಬದಲಿಸಿ, ಬೆಲ್‌ಗ್ರೇಡಿನಲ್ಲಿ ವೈದ್ಯನಂತೆ ಬಾಳುತ್ತಿದ್ದನು, 2008ರಲ್ಲಿ ಸಿಕ್ಕಿಬಿದ್ದನು. ಸೇನಾಪತಿ ಮ್ಲಾದಿಚ್ 2011ರಲ್ಲಿ ಸಿಕ್ಕಿದನು. ಇಬ್ಬರಿಗೂ ಕಡೆಗೆ ಆಜೀವ ಕಾರಾಗೃಹವಾಸ. ಸ್ತ್ರೀಯರ ಮಾನಭಂಗವನ್ನು ಮಾನವಕುಲದ ವಿರುದ್ಧ ಎಸಗಿದ ಅಪರಾಧವೆಂದು ಪರಿಗಣಿಸಿ ಈ ನ್ಯಾಯಾಲಯವು ಫೋಚ ಪಟ್ಟಣದ ಮೊಕದ್ದಮೆಯಲ್ಲಿ, 2001ರಲ್ಲಿ, ಶಿಕ್ಷೆ ವಿಧಿಸಿತು. ಇದು ದೊಡ್ಡ ಮಾತು.

ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ತೀರ್ಪಿಗಿಂತ ಮೊದಲು ಬೇಕಾದುದು ಮಗನ ಅಸ್ಥಿ. ಕೊಂದವರು ಹೂತಿದ್ದ ಹೆಣಗಳನ್ನು ಯಂತ್ರಗಳಿಂದ ಅಗೆಸಿ, ಗುರುತು ಸಿಕ್ಕದಂತೆ ಬೇರೆ ಗುಂಡಿಗಳಿಗೆ ಸಾಗಿಸಿದ್ದರು. ಒಬ್ಬನ ಎಲುಬುಗಳೇ ಹಲವು ಗುಂಡಿಗಳಲ್ಲಿ ದೊರೆತದ್ದುಂಟು. 1996ರಲ್ಲಿ ಸ್ಥಾಪಿತವಾದ, ಕಾಣೆಯಾದವರನ್ನು ಹುಡುಕುವ ಅಂತಾರಾಷ್ಟ್ರೀಯ ಆಯೋಗವು ಬಂಧುಗಳ ರಕ್ತದ ಹನಿಗಳನ್ನು ಪಡೆದು, ಡಿ.ಎನ್.ಎ. ಪರೀಕ್ಷೆಯಿಂದ ಆ ಎಲುಬುಗಳಿಗೆ ಹೆಸರು ಹಿಂದಿರುಗಿಸಿತು. ಸ್ರೆಬ್ರೆನಿತ್ಸದಲ್ಲಿ ಮಡಿದವರಲ್ಲಿ ಸುಮಾರು 7,000 ಮಂದಿಯ ಗುರುತು ಹೀಗೆ ದೊರೆತಿದೆ. ಪ್ರತಿ ವರ್ಷ ಜುಲೈ 11ರಂದು, ಹೊಸದಾಗಿ ಗುರುತು ಹತ್ತಿದವರನ್ನು ಪೊತೊಚಾರಿಯಲ್ಲಿ ಮಣ್ಣು ಮಾಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಈ ಕಾರ್ಯವು ನ್ಯಾಯಾಲಯದ ಕಾರ್ಯಕ್ಕೆ ಕಡಿಮೆಯಾದುದಲ್ಲ.

ಮನೆಗಳನ್ನು ಹಿಂದಿರುಗಿಸುವ ಕೆಲಸವೂ ನಡೆಯಿತು. ಸುಮಾರು 2 ಲಕ್ಷ ಮನೆಗಳ ಹಕ್ಕು ಇತ್ಯರ್ಥವಾಯಿತು. ಆದರೆ ಹಲವರು ಮನೆ ಪಡೆದು, ಅದನ್ನು ಮಾರಿ, ತಮ್ಮವರಿರುವ ಊರಿಗೇ ಹೋದರು. ಒಂದು ಸಣ್ಣ ಉಪಾಯ ಮಾತ್ರ ಚೆನ್ನಾಗಿ ಫಲಿಸಿತು. ಮೋಟಾರಿನ ನಂಬರು ನೋಡಿದರೆ ಇವನು ಯಾವ ಕಡೆಯವನೆಂದು ತಿಳಿಯುತ್ತಿದ್ದುದರಿಂದ ಜನ ಎಲ್ಲೆ ದಾಟಲು ಅಂಜುತ್ತಿದ್ದರು. 1998ರಲ್ಲಿ, ಎರಡು ಲಿಪಿಗಳಲ್ಲಿಯೂ ಒಂದೇ ರೂಪವುಳ್ಳ ಅಕ್ಷರಗಳನ್ನಷ್ಟೇ ಆಯ್ದು ಹೊಸ ಫಲಕಗಳನ್ನು ಮಾಡಿಸಿದರು. ಜನ ಓಡಾಡತೊಡಗಿದರು.

ಇನ್ನು ಶಾಲೆ. ಗಡಿನಾಡಿನ ತಂದೆತಾಯಿಗಳು ಇದನ್ನು ಕಿವಿಗೊಟ್ಟು ಕೇಳಬೇಕೆಂದು ಪ್ರಾರ್ಥನೆ. ಒಂದು ಕಾಲಕ್ಕೆ ಐವತ್ತಕ್ಕೂ ಹೆಚ್ಚು ಕಡೆಗಳಲ್ಲಿ ಒಂದೇ ಸೂರಿನಡಿ ಎರಡು ಶಾಲೆಗಳಿದ್ದವು. ಕ್ರೊವಾಟ್ ಮಕ್ಕಳಿಗೊಂದು, ಬೋಸ್ನಿಯಾಕ್ ಮಕ್ಕಳಿಗೊಂದು. ಬಾಗಿಲು ಬೇರೆ ಅಥವಾ ಹೊತ್ತು ಬೇರೆ, ಚರಿತ್ರೆಯ ಪುಸ್ತಕವಂತೂ ಬೇರೆಯೇ. ಹಿಂದಿರುಗಿ ಬಂದವರ ಮಕ್ಕಳನ್ನು ಸೇರಿಸಿಕೊಳ್ಳಲೆಂದು ಮಾಡಿದ ತಾತ್ಕಾಲಿಕ ಏರ್ಪಾಡು ಬೇರೂರಿತು. ಇದು ಭೇದನೀತಿಯೆಂದು 2014ರಲ್ಲಿ ಅಲ್ಲಿಯ ಫೆಡರೇಷನ್ನಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತರೂ ಅದು ತೊಲಗಲಿಲ್ಲ.

ನಾವೂ ಕನ್ನಡ ಶಾಲೆ ಬೇಕೆನ್ನುವವರೇ ಅಲ್ಲವೆ ಎಂದು ತಾವು ಕೇಳಬಹುದು. ಅಹುದು. ನಮ್ಮದೂ ನೆರೆಯವರದೂ ನಿಜವಾಗಿ ಬೇರೆ ಬೇರೆ ನುಡಿಗಳು. ಮಗುವು ತನ್ನ ನುಡಿಯಲ್ಲಿ ಕಲಿಯಬೇಕೆನ್ನುವುದು ನ್ಯಾಯವಾದ ಬೇಡಿಕೆ. ನೆರೆಯವನ ಮಗುವಿನೊಡನೆ ಆಡಬಾರದೆನ್ನುವುದು ಬೇರೆಯೇ ಮಾತು. ಈ ಎರಡನ್ನೂ ಬೇರ್ಪಡಿಸಬಹುದೆಂಬುದಕ್ಕೆ ಬೋಸ್ನಿಯದಲ್ಲಿಯೇ ಸಾಕ್ಷಿಯಿದೆ. ಅಂತಾರಾಷ್ಟ್ರೀಯ ಮೇಲ್ವಿಚಾರಣೆಯಲ್ಲಿದ್ದ ಬರ್ಚ್ಕೊ ಜಿಲ್ಲೆಯಲ್ಲಿ 2001ರಿಂದ ಮೂರೂ ಜನಾಂಗಗಳ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತು, ತಂತಮ್ಮ ನುಡಿಯಲ್ಲಿ ಮಾತನಾಡುತ್ತ, ತಂತಮ್ಮ ಲಿಪಿಯಲ್ಲಿ ಬರೆಯುತ್ತ ಓದುತ್ತಿದ್ದಾರೆ.

ಯಾಯ್ತ್ಸೆ ಪಟ್ಟಣದ ಸುದ್ದಿಯೊಂದನ್ನು ಹೇಳಿ ಮುಗಿಸುತ್ತೇವೆ. ಅಲ್ಲಿಯ ಪ್ರೌಢಶಾಲೆಗಳಲ್ಲಿ ಮಕ್ಕಳು ಕೂಡಿಯೇ ಓದುತ್ತಿದ್ದರು. ಬೋಸ್ನಿಯಾಕ್ ಮಕ್ಕಳಿಗೆ ಬೇರೆ ಶಾಲೆ ತೆರೆಯಬೇಕೆಂದು 2016ರಲ್ಲಿ ಅಧಿಕಾರಸ್ಥರು ನಿಶ್ಚಯಿಸಿದರು. ಯುದ್ಧ ಮುಗಿದ ಮೇಲೆ ಹುಟ್ಟಿದ ಆ ವಿದ್ಯಾರ್ಥಿಗಳು, ಎರಡೂ ಜನಾಂಗಗಳವರು, ಒಟ್ಟಾಗಿ ಬೀದಿಗಿಳಿದು ಬೇಡವೆಂದರು. 2017ರಲ್ಲಿ ಆ ನಿರ್ಧಾರವನ್ನು ಕೈಬಿಡಲಾಯಿತು.